ಹೊಸ ಸ್ವಿಚ್ಚಿಗೆ ಹನ್ನೆರಡು ಸರದಿ

ನಿಯಮಗಳನ್ನು ಸಂಪಾದಕಿಯೇ ಬರೆದು ತಂದಿದ್ದರು. ಒಂದು ಹಾಳೆ, ಏಳು ಸಾಲು. ಹಾಡು ಒಂದೇ, ಸರದಿ ಹನ್ನೆರಡು. ಹಾಡು ಬರುತ್ತಿರುವುದು ಹಳೆಯ ನೆಟ್‌ವರ್ಕ್ ಸ್ವಿಚ್ಚಿನ ಮೂಲಕವೋ ಹೊಸದರ ಮೂಲಕವೋ ಎಂಬುದನ್ನು ಅಣ್ಣ ಪ್ರತಿ ಸರದಿಯಲ್ಲೂ ಬರೀ ಕಿವಿಯಿಂದ ಹೇಳಬೇಕು. ಹತ್ತು ಸರಿಯಾದರೆ ಅವನ ಅಂಕಣ ಎಂದಿನಂತೆ ಮುಂದುವರಿಯುತ್ತದೆ. ಒಂದು ಕಡಿಮೆಯಾದರೂ ಈ ಭಾನುವಾರದ ಪುರವಣಿಯಲ್ಲಿ ತಪ್ಪೊಪ್ಪಿಗೆ, ಅದರ ಕೆಳಗೆ ಅಂಕಣ ನಿಂತಿದೆ ಎಂಬ ಎರಡು ಸಾಲು. ಪುಟ ಐದು ಗಂಟೆಗೆ ಮುಚ್ಚುತ್ತದೆ. ಈಗ ಎರಡೂಕಾಲು.

"ಆ ಎರಡು ಸಾಲು ಆಗ್ಲೇ ಬರೆದಿಟ್ಟಿದೀರಾ ಮೇಡಂ?" ಅಣ್ಣ ಕೇಳಿದ.

"ಬರೆದಾಗಿದೆ. ಪುಟದಲ್ಲೂ ಕೂರಿಸಾಗಿದೆ. ಬದುಕಿರೋರ ಸಾವಿನ ಸುದ್ದಿನೂ ನಾವು ಬರೆದಿಟ್ಕೊಂಡಿರ್ತೀವಿ ಸಾರ್," ಎಂದರು ಸಂಪಾದಕಿ, ನಗದೆ.

ಅಣ್ಣ ಹತ್ತೊಂಬತ್ತು ವರ್ಷಗಳಿಂದ ಆ ಪುರವಣಿಯಲ್ಲಿ ಮನೆಯಲ್ಲಿ ಹಾಡು ಕೇಳುವ ಸಾಧನಗಳ ಬಗ್ಗೆ ಬರೆಯುತ್ತಿದ್ದ. ಓದುಗರು ಅವನನ್ನು ಕರೆಯುತ್ತಿದ್ದುದೇ ಕಿವಿಯಣ್ಣ ಎಂದು. ಅವನು ಹೇಳಿದ ಸ್ಪೀಕರು ಕೊಂಡರು, ಅವನು ಬೇಡವೆಂದ ವೈರು ಬಿಟ್ಟರು. ಒಂದು ವಾರವೂ ಅವನು ಕೊಟ್ಟ ಜಾಗಕ್ಕೆ ಸರಿಯಾಗಿ ಬರೆದವನಲ್ಲ, ಏಳೆಂಟು ಸಾಲು ಹೆಚ್ಚೇ. ಸಂಪಾದಕಿ ಅಷ್ಟನ್ನೂ ಕತ್ತರಿಸುವರು. ಸೋಮವಾರ ಬೆಳಿಗ್ಗೆ ಅವನು ಫೋನ್ ಮಾಡಿ ಜಗಳವಾಡುವನು. ಅವನ ವಾರ ಶುರುವಾಗುತ್ತಿದ್ದುದೇ ಆ ಜಗಳದಿಂದ.

ತಿಂಗಳ ಹಿಂದೆ ಅವನು ಹೊಸ ನೆಟ್‌ವರ್ಕ್ ಸ್ವಿಚ್ಚೊಂದರ ಬಗ್ಗೆ ಬರೆದಿದ್ದ. ಮನೆಗೆ ಬರುವ ಇಂಟರ್‌ನೆಟ್ಟನ್ನು ಬೇರೆಬೇರೆ ಪೆಟ್ಟಿಗೆಗಳಿಗೆ ಹಂಚಿಕೊಡುವ ಸಾಧನ ಅದು. ಇಂಥದ್ದು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಇದು ಸಂಗೀತಕ್ಕೆಂದೇ ಮಾಡಿದ್ದು, ಇಟ್ಟಿಗೆಯಷ್ಟು ಭಾರ, ಮೈಯೆಲ್ಲ ಅಲ್ಯೂಮಿನಿಯಂ. "ಹಳೆಯದನ್ನು ತೆಗೆದು ಇದನ್ನು ಹಾಕಿದೊಡನೆ, ಪರದೆಯ ಹಿಂದೆ ಹಾಡುತ್ತಿದ್ದಾಕೆ ಈಚೆ ಬಂದು ಎದುರಿಗೇ ಕೂತಂತಾಯಿತು" ಎಂದು ಬರೆದಿದ್ದ.

ಅದನ್ನು ಓದಿ ಕೊಂಡವರಲ್ಲಿ ವಾಚ್ ರಿಪೇರಿಯವರೊಬ್ಬರಿದ್ದರು. ಎಪ್ಪತ್ತು ದಾಟಿದ, ಸಣ್ಣ ಆಳು. ಅವರಿಗೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ. ತಪ್ಪು ಸ್ವಿಚ್ಚಿನದೆಂದು ಅವರಿಗೆ ಹೊಳೆಯಲೇ ಇಲ್ಲ. ತನ್ನ ಕಿವಿಯೇ ಹೋಯಿತೆಂದುಕೊಂಡು ಮೂರು ವಾರ ನಿದ್ದೆಗೆಟ್ಟು ಕೊನೆಗೆ ಡಾಕ್ಟರ ಹತ್ತಿರ ಹೋದರು. ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ ಎಂದರು ಡಾಕ್ಟರು. ಆಮೇಲೆ ವಾಚಿನವರು ಪತ್ರಿಕೆಗೆ ಕಾಗದ ಬರೆದರು. ಕಾಗದದಲ್ಲಿ ಬೈಗುಳ ಒಂದೂ ಇರಲಿಲ್ಲ. ಅದಕ್ಕೇ ಸಂಪಾದಕಿ ಅದನ್ನು ಎರಡು ಸಲ ಓದಿ, ಈ ಪರೀಕ್ಷೆ ಇಟ್ಟರು.

ಸ್ವಿಚ್ ಬದಲಿಸುವ ಕೆಲಸಕ್ಕೆ ಅಣ್ಣ ಹಠ ಹಿಡಿದು ಆರಿಸಿದ್ದು ತನ್ನ ತಂಗಿಯನ್ನು. ಆಕೆ ದೊಡ್ಡ ಆಸ್ಪತ್ರೆಯೊಂದರ ನೆಟ್‌ವರ್ಕ್ ನೋಡಿಕೊಳ್ಳುವವಳು. ಅವನ ಲೇಖನ ಬಂದ ದಿನವೇ ಅವಳು ಫೋನಿನಲ್ಲಿ, "ಅಣ್ಣ, ರೋಗಿಗಳ ಎಕ್ಸ್‌ರೇ ಎಲ್ಲ ಹೋಗೋದು ನನ್ನ ಸ್ವಿಚ್ಚಲ್ಲೇ. ಒಳ್ಳೇ ಸ್ವಿಚ್ ಹಾಕಿದ್ರೆ ಮುರಿದ ಮೂಳೆ ಕೂಡ್ಕೊಳಲ್ಲ ಕಣೋ," ಎಂದಿದ್ದಳು.

"ಮೂಳೆಗೆ ಕಿವಿ ಇಲ್ಲ," ಎಂದಿದ್ದ ಅವನು.

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು."

ಸಂಪಾದಕಿಗೆ ಅವನು ಹೇಳಿದ್ದು ಇಷ್ಟೇ: "ನನ್ನನ್ನ ನಂಬದೇ ಇರೋಳು ಅವಳು. ಅವಳ ಕೈಯಲ್ಲೇ ಇರ್ಲಿ ಮೇಡಂ."

ವ್ಯವಸ್ಥೆ ಹೀಗಿತ್ತು. ಅಣ್ಣನ ಮನೆಯ ಹಾಡು ಕೇಳುವ ಕೋಣೆಯಲ್ಲಿ ಅಣ್ಣ ಮತ್ತು ಸಂಪಾದಕಿ, ಬಾಗಿಲು ಹಾಕಿಕೊಂಡು. ತಂಗಿ ಮತ್ತು ವಾಚ್ ರಿಪೇರಿಯವರು ಕೋಣೆಯ ಹೊರಗೆ, ಮನೆಯೊಳಗಿನದೇ ಕಿರಿದಾದ ಓಣಿಯಲ್ಲಿ, ಎರಡು ಮಡಚುವ ಕುರ್ಚಿಗಳ ಮೇಲೆ. ಅವರ ಮುಂದಿನ ಸ್ಟೂಲಿನ ಮೇಲೆ ಎರಡೂ ಸ್ವಿಚ್ಚು, ಎರಡಕ್ಕೂ ಕರೆಂಟು, ಎರಡಕ್ಕೂ ಇಂಟರ್‌ನೆಟ್. ಒಳಗೆ, ಇಂಟರ್‌ನೆಟ್ಟಿನಿಂದ ಹಾಡು ತರಿಸಿ ನುಡಿಸುವ ಪೆಟ್ಟಿಗೆಯಿಂದ ಹೊರಟ ಒಂದೇ ಒಂದು ವೈರು ಬಾಗಿಲಿನಡಿ ತೂರಿ ಹೊರಬರುತ್ತಿತ್ತು. ವಾಚಿನವರು ನಾಣ್ಯ ಚಿಮ್ಮಬೇಕು. ಸಿಂಹದ ಮುಖ ಬಿದ್ದರೆ ಹೊಸದು, ಅಂಕಿ ಬಿದ್ದರೆ ಹಳೆಯದು. ತಂಗಿ ಪ್ರತಿ ಸಲವೂ ವೈರು ಕಿತ್ತು ಸಿಕ್ಕಿಸಬೇಕು, ಅದೇ ಸ್ವಿಚ್ಚು ಮತ್ತೆ ಬಂದರೂ ಕೂಡ. ನಂತರ ಬಾಗಿಲು ಬಡಿಯಬೇಕು. ಆಗ ಅಣ್ಣ ಹಾಡು ಶುರು ಮಾಡಿ, ಎರಡು ನಿಮಿಷ ಕೇಳಿ, ಚೀಟಿಯಲ್ಲಿ ಬರೆದು ಸಂಪಾದಕಿಗೆ ಕೊಡಬೇಕು.

ಅಣ್ಣ ತನಗೆ ತಾನೇ ಕಟ್ಟಿಕೊಂಡ ಕಟ್ಟುಗಳು ಇನ್ನೂ ಬಿಗಿ. ಪೆಟ್ಟಿಗೆಯ ದೀಪಗಳು ಕಾಣಬಾರದೆಂದು ಕಪ್ಪು ಬಟ್ಟೆ ಹೊದಿಸಿದ್ದ. ಟಿಕ್ ಟಿಕ್ ಸದ್ದು ಕಿವಿಗೆ ಅಡ್ಡ ಬರುತ್ತದೆಂದು ಗೋಡೆಯ ಗಡಿಯಾರವನ್ನೂ ಇಳಿಸಿದ್ದ.

ಅತ್ತಿಗೆ ಶಾಲೆಯ ಟೀಚರು. ಓಣಿಗೆ ಅಂಟಿದ ಊಟದ ಮೇಜಿನ ಮೇಲೆ ಪರೀಕ್ಷೆಯ ಪೇಪರ್ ಹರಡಿಕೊಂಡಿದ್ದರು. "ನನ್ನ ಮಕ್ಕಳಿಗೂ ಇವತ್ತೇ ಫಲಿತಾಂಶ, ನನ್ನ ಗಂಡನಿಗೂ ಇವತ್ತೇ," ಎಂದರು ಯಾರಿಗೆ ಎಂದಿಲ್ಲದೆ.

ಮೊದಲ ಸರದಿ. ನಾಣ್ಯ ಬಿತ್ತು: ಸಿಂಹದ ಮುಖ. ತಂಗಿ ವೈರನ್ನು ಹೊಸ ಸ್ವಿಚ್ಚಿಗೆ ಸಿಕ್ಕಿಸಿ, ತನ್ನ ಫೋನಿನಿಂದ ಒಳಗಿನ ಪೆಟ್ಟಿಗೆಗೆ ಒಂದು ಕರೆ ಕಳಿಸಿದಳು. ಮಾತಿನ ಕರೆಯಲ್ಲ. ಇದ್ದೀಯಾ ಎಂದು ಒಂದು ಯಂತ್ರ ಇನ್ನೊಂದನ್ನು ಕೇಳುವ, ಇದ್ದೇನೆ ಎಂದು ಅದು ಉತ್ತರಿಸುವ ಪರೀಕ್ಷೆ. ಉತ್ತರ ಬಂದ ಮೇಲೆ ಬಾಗಿಲು ಬಡಿದಳು. ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಪಾಲಿಸಿದ ಶಿಸ್ತು ಅದು. ಉತ್ತರ ಬರುವ ಮೊದಲು ವಾರ್ಡಿನವರಿಗೆ 'ಸರಿಯಾಯ್ತು' ಎಂದು ಅವಳು ಒಂದು ದಿನವೂ ಹೇಳಿದವಳಲ್ಲ.

ಬಾಗಿಲಿನಾಚೆ ಹಾಡು ಮಂದವಾಗಿ ಎದ್ದಿತು. ಒಂದು ಹೆಣ್ಣುದನಿ, ಹಿಂದೆ ಒಂದು ಪಿಯಾನೊ. ವಾಚಿನವರು ಸಣ್ಣ ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡರು.

"ಏನು ಬರೀತಿದೀರಿ?"

"ಹೊತ್ತು. ಕೆಲಸ ಯಾವಾಗ ಶುರುವಾಯ್ತು, ಯಾವಾಗ ಮುಗೀತು. ಐವತ್ತು ವರ್ಷದ ಚಾಳಿ ತಾಯೀ, ಸತ್ತಾಗಲೇ ಬಿಡೋದು."

ಆರು ಸರದಿ ಮುಗಿದಾಗ ಮೂರು ಗಂಟೆ. ಮೂರು ತಪ್ಪಾದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ, ಆದ್ದರಿಂದ ಅರ್ಧಕ್ಕೆ ಲೆಕ್ಕ ನೋಡಬೇಕು ಎಂಬುದು ನಿಯಮದ ಆರನೆಯ ಸಾಲು. ಸಂಪಾದಕಿ ಹೊರಬಂದು ಅಣ್ಣನ ಚೀಟಿಗಳನ್ನು ತಂಗಿಯ ಪಟ್ಟಿಯ ಪಕ್ಕದಲ್ಲಿ ಒಂದೊಂದಾಗಿ ಇಟ್ಟರು. ಹೊಸದು, ಹಳೆಯದು, ಹಳೆಯದು, ಹೊಸದು, ಹಳೆಯದು, ಹೊಸದು. ಎರಡನೆಯ ಸಲ ಮತ್ತೆ ಇಟ್ಟು ನೋಡಿದರು.

"ಆರಕ್ಕೆ ಆರು."

ಅಣ್ಣ ಬಾಗಿಲಲ್ಲಿ ನಿಂತಿದ್ದ. ಮುಖ ಕೆಂಪಗಾಗಿತ್ತು. "ಏನೇ ಪುಟ್ಟಿ? ಮೊಲಕ್ಕೆ ಎಷ್ಟು ಕಾಲು?"

ತಂಗಿಗೆ ಒಂದು ಕ್ಷಣ ಕಣ್ಣು ತುಂಬಿ ಬಂತು. ತಾನು ಕಲಿತದ್ದರಲ್ಲೇ ಎಲ್ಲೋ ತಪ್ಪಿರಬೇಕು ಎಂದುಕೊಂಡಳು. ತಪ್ಪಿದ್ದರೂ ಪರವಾಗಿಲ್ಲ ಎನಿಸಿತು. ವಾಚಿನವರು ಮಾತ್ರ ಕುರ್ಚಿಯಿಂದ ಏಳಲಿಲ್ಲ. ಎಡಗಿವಿಯ ಹತ್ತಿರ ಬೆರಳು ಉಜ್ಜಿ ಸದ್ದು ಕೇಳಿಕೊಂಡರು, ಆಮೇಲೆ ಬಲಗಿವಿಯ ಹತ್ತಿರ.

"ಹಾಗಾದ್ರೆ ಡಾಕ್ಟ್ರು ಸಮಾಧಾನಕ್ಕೆ ಹೇಳಿದ್ದು," ಎಂದರು ಮೆಲ್ಲಗೆ. "ವಾಚು ಬಿಚ್ಚೋಕೆ ಮುಂಚೆ ನಾನು ಕಿವಿಗಿಟ್ಟು ಕೇಳೋದು ತಾಯೀ. ಅದರಲ್ಲೇ ರೋಗ ಗೊತ್ತಾಗುತ್ತೆ. ಕಿವಿ ಹೋದ್ಮೇಲೆ ಅಂಗಡಿ ಮುಚ್ಚೋದೇ."

ಅತ್ತಿಗೆ ಚಹಾ ತಂದರು. ತಂಗಿಯ ಕೈಗೆ ಲೋಟ ಕೊಡುತ್ತ, "ಅಲ್ಲ ಕಣೇ, ಒಂದೊಂದ್ ಸಲ ಫಟ್ ಅಂತ ಬಾಗಿಲು ಬಡೀತಿದ್ದೆ, ಒಂದೊಂದ್ ಸಲ ನಾನು ಒಂದು ಪುಟ ತಿದ್ದಿ ಮುಗಿಸಿದ್ರೂ ಸದ್ದಿಲ್ಲ. ವೈರು ಕಚ್ಕೊಳ್ತಿತ್ತಾ?" ಎಂದರು.

ತಂಗಿ ಲೋಟವನ್ನು ತುಟಿಗೆ ತಂದವಳು ಹಾಗೇ ಇಳಿಸಿದಳು.

"ನಿಮ್ಮ ನೋಟ್‌ಬುಕ್ ಒಂದು ನಿಮಿಷ ಕೊಡ್ತೀರಾ?" ಎಂದು ವಾಚಿನವರನ್ನು ಕೇಳಿದಳು.

ದುಂಡಗಿನ ಅಕ್ಷರದಲ್ಲಿ ಎಲ್ಲ ಇತ್ತು. ವೈರು ಸಿಕ್ಕಿಸಿದ ಹೊತ್ತು, ಬಾಗಿಲು ಬಡಿದ ಹೊತ್ತು, ನಡುವಿನ ಸೆಕೆಂಡುಗಳು. ನಲವತ್ತೊಂದು. ಒಂಬತ್ತು. ಎಂಟು. ನಲವತ್ತೆರಡು. ಒಂಬತ್ತು. ನಲವತ್ತು.

ಅವಳ ಆಸ್ಪತ್ರೆಯ ದೊಡ್ಡ ಸ್ವಿಚ್ಚುಗಳೂ ಹೀಗೇ. ವೈರು ಸಿಕ್ಕಿಸಿದೊಡನೆ ದಾರಿ ಬಿಡುವುದಿಲ್ಲ. ಆ ವೈರು ಎಲ್ಲೋ ಸುತ್ತಿ ಬಳಸಿ ಮತ್ತೆ ತಮಗೇ ಬಂದು ಸೇರಿದೆಯೇ ಎಂದು ಅರ್ಧ ನಿಮಿಷಕ್ಕೂ ಹೆಚ್ಚು ಪರೀಕ್ಷಿಸಿ, ಆಮೇಲೆ ಬಿಡುತ್ತವೆ. ಮನೆಬಳಕೆಯ ಅಗ್ಗದ ಸ್ವಿಚ್ಚಿಗೆ ಆ ತಾಳ್ಮೆ ಇಲ್ಲ. ಸಂಗೀತದ ಸ್ವಿಚ್ಚಿನ ಅಲ್ಯೂಮಿನಿಯಂ ಮೈಯೊಳಗೆ ಕೂತಿದ್ದುದು ಆಸ್ಪತ್ರೆ, ಆಫೀಸುಗಳಲ್ಲಿ ಬಳಸುವ ಜಾತಿಯದೇ. ಹೊಸದಾದಾಗ ಉತ್ತರ ತಡವಾಗಿ ಬಂದಿತ್ತು, ಅವಳು ತಡವಾಗಿ ಬಡಿದಿದ್ದಳು. ಹಳೆಯದಾದಾಗ ಬೇಗ. ಹೊಸದು ತಡವಾಗಿ ದಾರಿ ಬಿಡುವುದು ತಿಂಗಳ ಬಳಕೆಯಲ್ಲಿ ಅಣ್ಣನಿಗೆ ಅರಿವಿಲ್ಲದೆಯೇ ರೂಢಿಯಾಗಿತ್ತು. ಬಾಗಿಲಿನಾಚೆ ಗಡಿಯಾರವೂ ಇಲ್ಲದ ನಿಶ್ಶಬ್ದದಲ್ಲಿ ಕಿವಿಯೊಂದನ್ನೇ ನೆಚ್ಚಿ ಕೂತವನಿಗೆ, ಹಾಡು ಶುರುವಾಗುವ ಮೊದಲೇ ಅವಳ ಕೈಯ ಗೆಣ್ಣು ಉತ್ತರ ಹೇಳಿಬಿಟ್ಟಿತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ. ಅದನ್ನು ಅವಳು ಆಣೆ ಮಾಡಿ ಹೇಳಬಲ್ಲಳು. ಮೋಸ ಮಾಡುವವನು ಇಷ್ಟು ಸಂತೋಷಪಡುವುದಿಲ್ಲ.

"ಏನಾದ್ರೂ ತೊಂದರೆನಾ?" ಸಂಪಾದಕಿ ಕೇಳಿದರು.

ಬಾಯಲ್ಲಿ ಬಿಸಿ ತುಪ್ಪ. ನುಂಗಿದರೆ ನಾಳಿದ್ದು ಸುಳ್ಳು ಅಚ್ಚಾಗುತ್ತದೆ, ಈ ಮುದುಕರು ಅಂಗಡಿ ಮುಚ್ಚುತ್ತಾರೆ. ಉಗುಳಿದರೆ ಅಣ್ಣನ ಹತ್ತೊಂಬತ್ತು ವರ್ಷ ಈ ಓಣಿಯಲ್ಲೇ ಮುಗಿಯುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾಗಾದರೆ ಮುಂದಿನ ಆರು ಸರದಿಗಳಲ್ಲಿ ಎಲ್ಲಕ್ಕೂ ಒಂದೇ ಹೊತ್ತು ಕಾದರಾಯಿತು. ಅವನು ಊಹೆಗೆ ಬೀಳುತ್ತಾನೆ, ಲೆಕ್ಕ ತಾನಾಗಿ ಕೆಳಗಿಳಿಯುತ್ತದೆ, ತಾನು ಬಾಯಿ ಬಿಡಬೇಕಾಗಿಲ್ಲ.

"ಏನಿಲ್ಲ," ಎಂದಳು.

ಏಳನೆಯ ಸರದಿಗೆ ಅಂಕಿ ಬಿತ್ತು. ಹಳೆಯದಕ್ಕೆ ಸಿಕ್ಕಿಸಿದಳು. ಒಂಬತ್ತು ಸೆಕೆಂಡಿಗೆ ಉತ್ತರ ಬಂತು. ಅವಳು ಕೈ ಎತ್ತಲಿಲ್ಲ. ಇಪ್ಪತ್ತು. ನಲವತ್ತು. ವಾಚಿನವರು ತಲೆಯೆತ್ತಿ ನೋಡಿದರು. ಅರವತ್ತಕ್ಕೆ ಬಡಿದಳು.

"ಯಾಕೆ ಇಷ್ಟೊತ್ತು?" ಅವರು ಪಿಸುಗುಟ್ಟಿದರು.

"ಎಲ್ಲಕ್ಕೂ ಒಂದೇ ಸಮ ಇರ್ಲಿ ಅಂತ."

"ಮೊದಲಿಂದ್ಲೇ ಹಾಗಿರಬೇಕಿತ್ತಲ್ವಾ?"

"ಇರಬೇಕಿತ್ತು."

ಅವರು ನೋಟ್‌ಬುಕ್ಕು ತೆರೆದರು. ಅರವತ್ತು ಎಂದು ಬರೆದುಕೊಂಡರು.

ಎಂಟನೆಯದಕ್ಕೆ ಒಳಗಿನಿಂದ ಅಣ್ಣನ ಕೂಗು: "ಏನೇ, ನಿದ್ದೆ ಹೋದ್ಯಾ ಅಲ್ಲಿ?" ಒಂಬತ್ತನೆಯದಕ್ಕೆ ಹಾಡು ಎರಡು ನಿಮಿಷವಾದರೂ ನಿಲ್ಲಲಿಲ್ಲ. ಇನ್ನೊಂದು ಸಲ ಕೇಳಲೇ ಎಂದು ಅವನು ಕೇಳಿದ್ದು, ನಿಯಮದಲ್ಲಿ ಇಲ್ಲ ಎಂದು ಸಂಪಾದಕಿ ಹೇಳಿದ್ದು, ಎರಡೂ ಬಾಗಿಲಿನಾಚೆಯಿಂದ ಕೇಳಿಸಿತು. ಹತ್ತನೆಯದಕ್ಕೆ ಅವನ ಕುರ್ಚಿ ಕಿರುಗುಟ್ಟಿತು. ಹನ್ನೊಂದನೆಯದಕ್ಕೆ ಅವನು ಎದ್ದು ಅಡ್ಡಾಡುವ ಸದ್ದು. ಹನ್ನೆರಡನೆಯ ಸಲವೂ ತಂಗಿ ಅರವತ್ತು ಎಣಿಸಿಯೇ ಬಾಗಿಲು ಬಡಿದಳು.

ಲೆಕ್ಕ ಮೇಜಿನ ಮೇಲೆ ನಡೆಯಿತು, ಅತ್ತಿಗೆ ಪೇಪರುಗಳನ್ನು ಪಕ್ಕಕ್ಕೆ ಸರಿಸಿ ಕೊಟ್ಟ ಜಾಗದಲ್ಲಿ. ಏಳು, ಸರಿ. ಎಂಟು, ತಪ್ಪು. ಒಂಬತ್ತು, ತಪ್ಪು. ಅಣ್ಣ ಮೇಜಿನ ಅಂಚು ಹಿಡಿದುಕೊಂಡ. ಇನ್ನೊಂದು ತಪ್ಪಾದರೆ ಮುಗಿಯಿತು. ಹತ್ತು, ಸರಿ. ಹನ್ನೊಂದು, ಸರಿ. ಸಂಪಾದಕಿ ಕೊನೆಯ ಚೀಟಿ ತಿರುಗಿಸಿದರು. ಹೊಸದು. ತಂಗಿಯ ಪಟ್ಟಿಯಲ್ಲೂ ಹೊಸದು.

"ಹತ್ತು," ಎಂದರು ಸಂಪಾದಕಿ. "ಗೆದ್ರಿ ಸಾರ್."

ಆರರಲ್ಲಿ ನಾಲ್ಕು. ನಾಣ್ಯ ಚಿಮ್ಮಿ ಹೇಳಿದ್ದರೂ ಬರಬಹುದಾದ ನಾಲ್ಕು. ಲೆಕ್ಕ ತಾನಾಗಿ ಕೆಳಗಿಳಿಯಲಿಲ್ಲ. ವಾಚಿನವರು ಎದ್ದು, ಶರ್ಟಿನ ಅಂಚಿಗೆ ಕೈ ಒರೆಸಿಕೊಂಡು ಅಣ್ಣನ ಕಡೆ ಚಾಚಿದರು. "ನನ್ನದೇ ತಪ್ಪು ಸಾರ್. ಕಿವಿ ಹೋದೋನು ಕಾಗದ ಬರೀಬಾರದಿತ್ತು. ಕ್ಷಮಿಸಿ."

"ಕೈ ಕೊಡಬೇಡ ಅಣ್ಣ," ಎಂದಳು ತಂಗಿ.

ಎಲ್ಲರೂ ಅವಳತ್ತ ತಿರುಗಿದರು. ಅವಳು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, ಅದರ ಪಕ್ಕಕ್ಕೆ ಮೊದಲ ಆರು ಚೀಟಿಗಳನ್ನು ಜೋಡಿಸಿ, ಏನಾಯಿತೆಂದು ಹೇಳಿದಳು. ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಸಂಪಾದಕಿ ಸಂಖ್ಯೆಗಳ ಮೇಲೆ ಪೆನ್ನಿನ ತುದಿ ಎಳೆದುಕೊಂಡು ಹೋದರು. ನಲವತ್ತರ ಆಸುಪಾಸು ಇದ್ದಲ್ಲೆಲ್ಲ ಹೊಸದು. ಎಂಟೊಂಬತ್ತು ಇದ್ದಲ್ಲೆಲ್ಲ ಹಳೆಯದು.

"ನಾನು ಹೊತ್ತು ಎಣಿಸ್ತಾ ಕೂತಿದ್ದೆ ಅಂತೀಯಾ?" ಅಣ್ಣ ಚೀಟಿಗಳನ್ನು ದೂರ ತಳ್ಳಿದ. "ಕದ್ದೆ ಅಂತೀಯಾ?"

"ಕದ್ದೆ ಅನ್ನಲ್ಲ. ನಿನಗೇ ಗೊತ್ತಾಗಿಲ್ಲ. ತಪ್ಪು ನಂದು. ಚಹಾ ಕುಡಿಯೋವಾಗ್ಲೇ ಗೊತ್ತಾಯ್ತು ನಂಗೆ, ಆಗ್ಲೇ ಹೇಳಬೇಕಿತ್ತು."

"ನಿನಗೆ ಚಿಕ್ಕಂದಿನಿಂದ ಇದೇ! ನಾನು ಗೆದ್ದಾಗೆಲ್ಲ ಒಂದು ಕೊಕ್ಕೆ!"

"ರೀ," ಅತ್ತಿಗೆ ನಡುವೆ ಬಂದರು, "ಅವಳು ಹೇಳೋದು ಕೇಳಿ ಮೊದ್ಲು. ಕಿವಿ ಇರೋದು ಅದಕ್ಕೂನು."

"ಕೇಳ್ತೀನಿ! ಅದೇ ತಾನೇ ನನ್ನ ಕೆಲಸ? ಇನ್ನೊಂದು ಸರದಿ ಆಗ್ಲಿ. ಹದಿಮೂರನೇದು. ಎಷ್ಟೊತ್ತು ಬೇಕಾದ್ರೂ ಕಾಯಿ, ಏನು ಬೇಕಾದ್ರೂ ಮಾಡು. ಪೂರ್ತಿ ಹಾಡು ಕೇಳಿ ಹೇಳ್ತೀನಿ." ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸಂಪಾದಕಿ ಕೈಗಡಿಯಾರ ನೋಡಿ ಅವನ ಹಿಂದೆ ಹೋದರು. ನಾಲ್ಕಕ್ಕೆ ಹತ್ತು ನಿಮಿಷ.

ತಂಗಿ ಓಣಿಯಲ್ಲಿ ನಿಂತಳು. ವಾಚಿನವರು ನಾಣ್ಯ ತೆಗೆದರು. ಬೇಡವೆಂದು ತಲೆಯಾಡಿಸಿದಳು. ವೈರನ್ನು ಹಳೆಯ ಸ್ವಿಚ್ಚಿಗೆ ಸಿಕ್ಕಿಸಿ, ಅರವತ್ತು ಎಣಿಸಿ, ಬಡಿದಳು. ಹಾಡು ಶುರುವಾಯಿತು. ಹಾಡಿನ ಪೆಟ್ಟಿಗೆ ಹಾಡನ್ನು ಹನಿಹನಿಯಾಗಿ ತರಿಸಿಕೊಳ್ಳುವುದಿಲ್ಲ. ಮೊದಲ ಅರ್ಧ ನಿಮಿಷದಲ್ಲೇ ಇಡೀ ಹಾಡನ್ನು ಒಳಗೆಳೆದು ತುಂಬಿಕೊಂಡು, ಆಮೇಲೆ ತನ್ನೊಳಗಿನಿಂದಲೇ ನುಡಿಸುತ್ತದೆ. ನಿಲ್ಲಿಸಿದರೆ ಅಷ್ಟನ್ನೂ ಚೆಲ್ಲಿಬಿಡುತ್ತದೆ. ಅವಳು ಒಂದು ನಿಮಿಷ ಕಾದಳು. ಆಮೇಲೆ ವೈರನ್ನು ಕಿತ್ತಳು.

ಹಾಡು ನಿಲ್ಲಲಿಲ್ಲ.

"ಅಣ್ಣ," ಬಾಗಿಲ ಹತ್ತಿರ ಬಾಯಿಟ್ಟು ಕೇಳಿದಳು, "ಈಗ ಯಾವುದು?"

ಒಳಗೆ ಹೆಣ್ಣುದನಿ ಹಾಡುತ್ತಲೇ ಇತ್ತು.

"ಹೊಸದು," ಎಂದ ಅಣ್ಣ. "ನೋಡು, ಎದುರಿಗೇ ಕೂತಿದಾಳೆ. ಅನುಮಾನವೇ ಇಲ್ಲ."

ಅವಳು ಬಾಗಿಲು ತೆರೆದಳು. ವೈರಿನ ತುದಿ ಅವಳ ಕೈಯಲ್ಲಿತ್ತು. ಅದರ ಚಿಕ್ಕ ಪ್ಲಾಸ್ಟಿಕ್ ಮೂತಿಯನ್ನು ಅಣ್ಣ ನೋಡಿದ. ಅದರಿಂದ ಹೊರಟ ವೈರು ನೆಲದ ಮೇಲೆ ಹರಿದು ಕಪ್ಪು ಬಟ್ಟೆಯೊಳಗೆ ಹೋಗಿದ್ದನ್ನೂ ನೋಡಿದ. ಯಾವುದಕ್ಕೂ ಅಂಟದ ಆ ವೈರಿನಾಚೆ ಹಾಡುತ್ತಿದ್ದಾಕೆ ಇನ್ನೂ ಹಾಡುತ್ತಿದ್ದಳು, ಪಿಯಾನೊ ಇನ್ನೂ ನುಡಿಯುತ್ತಿತ್ತು. ಹಾಡು ಮುಗಿಯಲು ಇನ್ನೂ ಎರಡು ನಿಮಿಷವಿತ್ತು. ಯಾರೂ ಅದನ್ನು ನಿಲ್ಲಿಸಲಿಲ್ಲ.

ಮುಗಿದ ಮೇಲೆ ಅಣ್ಣ ಎದ್ದ. ತಂಗಿಯನ್ನು ದಾಟಿ ಓಣಿಗೆ ಬಂದು ವಾಚ್ ರಿಪೇರಿಯವರ ಮುಂದೆ ನಿಂತ.

"ನಿಮ್ಮ ಕಿವಿ ಸರಿಯಾಗಿದೆ," ಎಂದ. "ಅಂಗಡಿ ಮುಚ್ಚಬೇಡಿ."

ಆಮೇಲೆ ಊಟದ ಮೇಜಿಗೆ ಹೋಗಿ, ಹೆಂಡತಿಯ ಕೆಂಪು ಪೆನ್ನನ್ನೇ ತೆಗೆದುಕೊಂಡು, ಉತ್ತರಪತ್ರಿಕೆಗಳ ನಡುವೆ ಬರೆಯಲು ಕೂತ. ಎದುರಿಗೆ ವಾಚಿನವರ ನೋಟ್‌ಬುಕ್ಕು ತೆರೆದಿತ್ತು. ಒಂದೆರಡು ಸಲ ತಲೆಯೆತ್ತದೆಯೇ ತಂಗಿಯನ್ನು ಕೇಳಿದ: "ನಲವತ್ತೊಂದು, ಅಲ್ವೇನೇ ಮೊದಲನೇದು?" "ವೈರು ಕಿತ್ತಾಗ ಎಷ್ಟು ಹೊತ್ತಾಗಿತ್ತು?" ಅವಳು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡ. ಅವಳ ಮುಖ ನೋಡಲಿಲ್ಲ. ಆದರೆ ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವಳತ್ತ ತಳ್ಳಿದ. ಅವಳು ಕೂತಳು.

ನಾಲ್ಕೂ ನಲವತ್ತಕ್ಕೆ ಹಾಳೆಗಳು ಸಂಪಾದಕಿಯ ಕೈ ಸೇರಿದವು. ಮೊದಲ ವಾಕ್ಯ ಹೀಗಿತ್ತು: "ತಿಂಗಳ ಹಿಂದೆ ಈ ಜಾಗದಲ್ಲಿ ನಾನು ಬರೆದದ್ದು ತಪ್ಪು, ಸ್ವಿಚ್ ಬದಲಾದಾಗ ಬದಲಾದದ್ದು ಹಾಡಲ್ಲ, ನಾನು." ಅವರು ನಿಂತುಕೊಂಡೇ ಕೊನೆಯವರೆಗೂ ಓದಿದರು. ಪೆನ್ನಿನ ತುದಿಯಲ್ಲಿ ಸಾಲು ಎಣಿಸಿದರು.

"ಎಂಟು ಸಾಲು ಹೆಚ್ಚಿದೆ ಸಾರ್."

"ಕತ್ತರಿಸಿ," ಎಂದ ಅಣ್ಣ. "ಇವತ್ತು ನಾನು ಜಗಳ ಆಡಲ್ಲ."

ಸಂಪಾದಕಿ ಹಾಳೆಗಳ ಫೋಟೊ ತೆಗೆದು ಕಳಿಸಿ, ಕಚೇರಿಗೆ ಫೋನ್ ಮಾಡಿದರು. "ಕಿವಿಯಣ್ಣನ ಬರಹ ಬಂದಿದೆ. ಹೌದು, ಉದ್ದ ಇದೆ. ಒಂದಕ್ಷರ ಮುಟ್ಟಬೇಡಿ, ಪೂರ್ತಿ ಹೋಗ್ಲಿ." ಆಚೆಯವರು ಏನೋ ಕೇಳಿದರು. ಸಂಪಾದಕಿ ಅಣ್ಣನ ಕಡೆ ಒಮ್ಮೆ ನೋಡಿದರು. "ಕೆಳಗೆ ಎರಡು ಸಾಲು ಕೂರಿಸಿದ್ವಲ್ಲ, ಅಂಕಣ ನಿಂತಿದೆ ಅಂತ? ಅದನ್ನ ತೆಗೀರಿ. ಜಾಗ ಇಲ್ಲ."